ಲಾಫ್ಲೂರು ಮನೆತನ

"ಲಾಫ್ಲೂರು ಯಾವ ತಾಲ್ಲೂಕು?" ಎಂದು ಚೌರಪ್ಪನನ್ನು ಕೇಳದವರೇ ಇರಲಿಲ್ಲ.

"ಊರಲ್ಲ ಸ್ವಾಮಿ, ಅದು ನಮ್ ಮನೆತನದ ಹೆಸರು. ಟಿಪ್ಪು ಸುಲ್ತಾನರ ದಂಡಲ್ಲಿದ್ದ ಫ್ರೆಂಚ್ ಸಿಪಾಯಿ ವಂಶ ನಮ್ದು" ಎಂದು ಅವನು ಎದೆಯುಬ್ಬಿಸಿ ಹೇಳುತ್ತಿದ್ದ.

ಅದೇ ಹೆಸರಿನ ಹೆಂಗಸೊಬ್ಬಳು ಫ್ರಾನ್ಸಿನಿಂದ ಶ್ರೀರಂಗಪಟ್ಟಣದ ಅವನ ಮನೆ ಹುಡುಕಿಕೊಂಡು ಬಂದ ದಿನ ಮಾತ್ರ ಚೌರಪ್ಪನಿಗೆ ಎದೆಯುಬ್ಬಿಸಲಾಗಲಿಲ್ಲ. ಅಪ್ಪ ಸಾಯುವಾಗ ಹೇಳಿದ ಗುಟ್ಟೊಂದು ಅಡ್ಡ ಬಂದಿತ್ತು.

"ನಿಮ್ಮನ್ನು ಹುಡುಕಲು ನನಗೆ ಆರು ವರ್ಷ ಬೇಕಾಯಿತು" ಎಂದಳು ಅವಳು, ಮೈಸೂರಿನಲ್ಲಿ ಕಲಿತ ಪುಸ್ತಕದ ಕನ್ನಡದಲ್ಲಿ. ಅವಳ ಕಣ್ಣು ತುಂಬಿತ್ತು.

ಚೌರಪ್ಪನಿಗೆ ತಡೆಯಲಾಗಲಿಲ್ಲ.

"ತಪ್ಪಾಯ್ತು ಕಣವ್ವ. ನಾವು ನಿಮ್ಮೋರಲ್ಲ. ನಮ್ ಮುತ್ತಾತನ ತಾತ ಆ ಸಿಪಾಯಿಗೆ ಅಡ್ಗೆ ಮಾಡಾಕ್ತಿದ್ದೋನು. ಸಿಪಾಯಿ ಜ್ವರ ಬಂದು ಸತ್ತೋದ. ಇವನು ಅವನ ಕೋಟು ಇಕ್ಕಂಡ, ಹೆಸರೂ ಇಕ್ಕಂಡ. ಕದ್ದ ಹೆಸರವ್ವ ಇದು. ನಿಮ್ದು, ನೀವೇ ತಗೊಂಡೋಗಿ."

ಅವಳು ಕೈಲಿದ್ದ ಕಾಫಿ ಲೋಟ ಕೆಳಗಿಟ್ಟಳು.

"ಹಾಗಾದರೆ ನಾನು ಈಗ ಯಾರ ಕ್ಷಮೆ ಕೇಳಲಿ, ಚೌರಪ್ಪನವರೇ?"

"ನೀವ್ಯಾಕವ್ವ ಕೇಳ್ಬೇಕು?"

"ದಂಡಿಗೆ ಹೋಗಬೇಕಾಗಿದ್ದವನು ನಮ್ಮ ಪೂರ್ವಜ ಲಾಫ್ಲೂರ್. ಅವನು ಹೆದರಿ ನೆಲಮಾಳಿಗೆಯಲ್ಲಿ ಬಚ್ಚಿಟ್ಟುಕೊಂಡ. ಅವನ ಕೋಟು ತೊಟ್ಟು, ಅವನ ಹೆಸರು ಹೇಳಿಕೊಂಡು ಹಡಗು ಹತ್ತಿದವನು ನಮ್ಮ ಮನೆಯ ಅಡುಗೆಯವನು."