ಅಕ್ಕನ ಕಾಲು ಭಾರ

ಲ್ಯಾಪ್‌ಟಾಪಿನ ಪರದೆಯ ಮೇಲೆ ಟ್ರಿಮ್ ಎಂಬ ಅಂಕಿ ಸೊನ್ನೆಗೆ ಬಂದು ನಿಂತದ್ದೇ ತಡ, ಮೇಷ್ಟ್ರು ಅದನ್ನು ಕಾರಿನ ಸೀಟಿನ ಮೇಲಿಟ್ಟು ಹೊರಗಿಳಿದು ಮೈಮುರಿದರು. ಮೇಷ್ಟ್ರೆಂದರೆ ಶಾಲೆಯ ಮೇಷ್ಟ್ರಲ್ಲ. ಟರ್ಬೊ ಕಾರುಗಳನ್ನು ಟ್ಯೂನ್ ಮಾಡುವವರು. ಕೇಳದವರನ್ನೂ ನಿಲ್ಲಿಸಿಕೊಂಡು ವಿವರಿಸುವ ಚಾಳಿಯಿಂದ ಬಂದ ಹೆಸರು ಅದು. ಶೆಡ್ಡಿನ ಬಾಗಿಲ ಮೇಲೆ ಅವರೇ ಬರೆಸಿದ ಬೋರ್ಡಿತ್ತು: ‘ಊಹೆಗೆ ಇಲ್ಲಿ ಜಾಗವಿಲ್ಲ’.

“ನೋಡಕ್ಕಾ, ಪ್ಲಸ್ ಹದಿನೆಂಟು ಇದ್ದಿದ್ದು ಸೊನ್ನೆ! ಮೂರು ದಿನದ ತಪಸ್ಸು.”

“ಹಾಗಾದ್ರೆ ಇಲ್ಲೊಂದು ಸಹಿ ಹಾಕು. ಸಾಯಂಕಾಲ ಐದರೊಳಗೆ ಕೊಡ್ಬೇಕು,” ಎಂದು ಅವರ ಅಕ್ಕ ಭಾನುವಾರದ ಬೆಟ್ಟದ ರೇಸಿನ ಫಾರಂ ಚಾಚಿದಳು. ಕಾರು ಅವಳದು. ಓಡಿಸುವವಳೂ ಅವಳೇ. ಕಾರು ಸರಿಯಿದೆ ಎಂದು ಮೆಕ್ಯಾನಿಕ್ ಸಹಿ ಹಾಕದಿದ್ದರೆ ರೇಸಿಗೆ ಸೇರಿಸಿಕೊಳ್ಳುತ್ತಿರಲಿಲ್ಲ.

ಸಹಿಗಿಂತ ಮೊದಲು ಪಾಠ ಆಗಬೇಕಲ್ಲ! “ಇಂಜಿನ್ ಕಂಪ್ಯೂಟರು ಅಡುಗೆಯವನ ಹಾಗೆ ಅಕ್ಕಾ. ಹೊಗೆಯ ರುಚಿ ನೋಡ್ತಾ ಇರುತ್ತೆ. ಪೆಟ್ರೋಲ್ ಸಾಲ್ದೆ ಹೋದ್ರೆ ಚಿಟಿಕೆ ಸೇರಿಸುತ್ತೆ, ಹೆಚ್ಚಾದ್ರೆ ಕಮ್ಮಿ ಮಾಡುತ್ತೆ. ಆ ಚಿಟಿಕೆ ಎಷ್ಟು ಅನ್ನೋದೇ ಟ್ರಿಮ್. ನಿನ್ನ ಕಾರು ನೂರಕ್ಕೆ ಹದಿನೆಂಟು ಸೇರಿಸ್ತಾನೇ ಇತ್ತು. ನಾನು ಅಡುಗೆ ಪಟ್ಟಿಯಲ್ಲೇ ಹದಿನೆಂಟು ಜಾಸ್ತಿ ಬರೆದ್ಬಿಟ್ಟೆ. ಈಗ ಅದಕ್ಕೆ ಕೆಲಸವೇ ಇಲ್ಲ.”

“ಅದು ಸರಿ. ಮೊದಲು ಯಾಕೆ ಸಾಲ್ತಿರಲಿಲ್ಲ?”

ಮೂರು ದಿನದಲ್ಲಿ ಈ ಪ್ರಶ್ನೆ ಮೇಷ್ಟ್ರಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಹಾಗೆಂದು ಉತ್ತರವಿಲ್ಲದೆ ನಿಲ್ಲುವ ಪೈಕಿಯೂ ಅವರಲ್ಲ. “ನೀನು ಹಾಕಿಸೋ ಪೆಟ್ರೋಲೇ ಸರಿಯಿಲ್ಲ. ಮತ್ತೆ, ನಿನ್ನ ಕಾಲು...”

ಕಾಲಿನ ಮಾತು ಹಳೆಯದು. ಹೋದ ವರ್ಷ ಇದೇ ಬೆಟ್ಟದ ಅರ್ಧ ದಾರಿಯಲ್ಲಿ ಪಿಸ್ಟನ್ ಕರಗಿ ಕಾರು ನಿಂತಾಗ, ನೆರೆದವರ ಮುಂದೆ ಮೇಷ್ಟ್ರು ವಿವರಿಸಿದ್ದರು. ಪೆಡಲನ್ನು ಪೂರ್ತಿ ಒತ್ತಿದಾಗ ಕಂಪ್ಯೂಟರು ರುಚಿ ನೋಡುತ್ತ ಕೂರುವುದಿಲ್ಲ, ಪಟ್ಟಿಯನ್ನು ನಂಬಿ ಬಡಿಸುತ್ತದೆ. ಪೆಟ್ರೋಲು ಸಾಲದೆ ಹೋದರೆ ಪಿಸ್ಟನ್ ಕರಗದೆ ಇನ್ನೇನಾಗುತ್ತದೆ? “ನಮ್ಮಕ್ಕನ ಕಾಲು ಭಾರ,” ಎಂದು ಪಾಠ ಮುಗಿಸಿದ್ದರು. ಅಕ್ಕ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ಮಾತು ಅಲ್ಲಿಗೂ ಮುಟ್ಟಿತು. ಅಮ್ಮನಂತೂ ಅವಳು ಮೆಟ್ಟಿಲು ಹತ್ತಿದರೂ “ಮೆಲ್ಲಗೆ ಕಾಲಿಡೇ” ಎನ್ನುವಳು. ಆಮೇಲೆ ಅವಳು ಪೆಡಲಿನ ಕೆಳಗೆ ಮೊಟ್ಟೆ ಇಟ್ಟವಳಂತೆ ಓಡಿಸಿ, ಎರಡು ರೇಸುಗಳಲ್ಲಿ ಕೊನೆಯವಳಾಗಿ ಬಂದಿದ್ದಳು.

ಈಗಲೂ ಅವಳು ತನ್ನ ಕಾಲನ್ನೊಮ್ಮೆ ನೋಡಿಕೊಂಡಳು. ಪೆನ್ನು ಹುಡುಕಲು ಫಾರಮ್ಮನ್ನು ತೆರೆದ ಬಾನೆಟ್ಟಿನೊಳಗೆ, ಹೊಸ ಪೈಪಿನ ಮೇಲೆ ಇಟ್ಟಳು. ಇಂಜಿನ್ ಸಣ್ಣಗೆ ಓಡುತ್ತಲೇ ಇತ್ತು. ಪೆನ್ನು ಸಿಕ್ಕಿತು. ಕಾಗದ ಮಾತ್ರ ಮೇಲೇಳಲಿಲ್ಲ.

“ಇದೇನೋ, ಕಾಗದಾನ ಎಳ್ಕೊಳ್ತಿದೆ?”

ಗಾಳಿ ಅಳೆಯುವ ಸೆನ್ಸರಿನಿಂದ ಟರ್ಬೊಗೆ ಹೋಗುವ ಪೈಪು. ಅದರ ಕೀಲಿನಲ್ಲಿ ಫಾರಮ್ಮಿನ ಮೂಲೆ ಅಂಟಿಕೊಂಡು ಪಟಪಟನೆ ಬಡಿಯುತ್ತಿತ್ತು. ಮೇಷ್ಟ್ರು ಇಂಗು ತಿಂದ ಮಂಗನಂತಾದರು. ಪೈಪು ಹಾಕಿದವರು ಅವರೇ. ಸ್ಕ್ರೂ ಬಿಗಿದರೆ ಕೀಲನ್ನು ಹಿಡಿದಿಡುವ ಹೊಳೆಯುವ ಕ್ಲಾಂಪಿಗೆ ಗೀರು ಬೀಳುತ್ತದೆಂದು ಮೊದಲು ಫೋಟೋ ತೆಗೆದು, ಆಮೇಲೆ ಬಿಗಿಯುವುದು ಅವರ ಪದ್ಧತಿ. ಈ ಸಲದ ಫೋಟೋ ಬಹಳ ಚೆನ್ನಾಗಿ ಬಂದಿತ್ತು.

“ನೀನು ಒಳಗೆ ಕೂತ್ಕೋ, ಬಿಸಿಲು,” ಎಂದರು. ಶೆಡ್ಡಿನೊಳಗೆ ಬಿಸಿಲೆಲ್ಲಿ ಎಂದು ಅವಳು ಕೇಳಲಿಲ್ಲ; ಹೋಗಿ ಸ್ಟೀರಿಂಗಿನ ಮುಂದೆ ಕೂತಳು. ಸ್ಕ್ರೂ ಪೂರ್ತಿ ಮೂರು ಸುತ್ತು ತಿರುಗಿತು. ಇನ್ನು ಸದ್ದಿಲ್ಲದೆ ಹಳೆಯ ಪಟ್ಟಿ ತುಂಬಿಬಿಟ್ಟರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡರು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಲೆಕ್ಕಾಚಾರವೂ ಇಷ್ಟೇ ಇರಬೇಕು.

“ಮೇಷ್ಟ್ರೇ, ನಿಮ್ಮ ಸೊನ್ನೆ ಮೈನಸ್ ಹದಿನೈದಾಯ್ತಲ್ಲ!” ಕಾರಿನೊಳಗಿಂದ ಅಕ್ಕನ ದನಿ.

‘ಹವಾಮಾನ’ ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೈಯಲ್ಲಿದ್ದ ಫಾರಮ್ಮಿನ ಮೂಲೆ ಹರಿದಿತ್ತು; ಅದರ ಪಕ್ಕದಲ್ಲೇ ಸಹಿಯ ಜಾಗ. ಮೇಷ್ಟ್ರಿಗೆ ನಾಚಿಕೆಯಾಯಿತು.

“ಅಕ್ಕಾ, ಕ್ಲಾಂಪ್ ಸಡಿಲ ಇತ್ತು. ಅಳತೆಗೆ ಸಿಗದ ಗಾಳಿ ಒಳಗೆ ನುಗ್ಗಿ ಪೆಟ್ರೋಲ್ ಸಾಲ್ತಿರಲಿಲ್ಲ. ಫೋಟೋ ತೆಗೆದು, ಬಿಗಿಯೋದು ಮರೆತವನು ನಾನು. ಕುಣಿಯಲಾರದೆ ನೆಲ ಡೊಂಕು ಅಂದೆ. ಪೆಟ್ರೋಲೂ ಅಲ್ಲ, ನಿನ್ನ ಕಾಲೂ ಅಲ್ಲ.”

ಹೇಳಿದ ಮೇಲೆ ಎದೆ ಹಗುರಾಯಿತು. ಇಷ್ಟು ನೇರವಾಗಿ ತಪ್ಪೊಪ್ಪಿಕೊಳ್ಳುವವರು ಈ ಕಸುಬಿನಲ್ಲಿ ಎಷ್ಟು ಜನ ಇದ್ದಾರೆ ಎಂದು ತಮ್ಮ ಬಗ್ಗೆ ಕೊಂಚ ಗೌರವವೂ ಮೂಡಿತು. ಹಳೆಯ ಪಟ್ಟಿ ತುಂಬಿ ಇಂಜಿನ್ ಓಡಿಸಿದರು. ಅಂಕಿ ತೂಗಾಡಿ ಸೊನ್ನೆಗೆ ಬಂತು. ಫಾರಮ್ಮಿಗೆ ದೊಡ್ಡದಾಗಿ ಸಹಿ ಎಳೆದರು.

ಅಕ್ಕ ಫಾರಂ ಮಡಚಿಕೊಂಡಳು. ಹೊರಡಲಿಲ್ಲ. ಗೋಡೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದ ಫೋಟೋದ ಮುಂದೆ ನಿಂತಳು. ಹೋದ ವರ್ಷ ಪಿಸ್ಟನ್ ಕರಗಿದ ಅದೇ ಇಂಜಿನ್ನು. ಅದೇ ಜಾಗದ ಪೈಪು, ಗೀರಿಲ್ಲದೆ ಫಳಫಳ ಹೊಳೆಯುವ ಕ್ಲಾಂಪು.

“ಇದೂ ಬಿಗಿಯೋಕೆ ಮುಂಚೆ ತೆಗೆದಿದ್ದಾ?”

“ಹೂಂ. ಯಾವಾಗ್ಲೂ ಮುಂಚೇನೇ.”

“ಆಮೇಲೆ ಬಿಗಿದಿದ್ದೆಯಾ?”

ಮೇಷ್ಟ್ರು ಅಭ್ಯಾಸಬಲದಿಂದ ಪರದೆಯತ್ತ ತಿರುಗಿದರು. ಅದು ಸೊನ್ನೆ ತೋರಿಸುತ್ತ ಕೂತಿತ್ತು. ಬೊಟ್ಟು ಮಾಡಲು ಅಲ್ಲಿ ಏನೂ ಉಳಿದಿರಲಿಲ್ಲ.