ಕೋಳಿಯ ಕೇಸಿನ ನಂತರ

ಹಳೆಯ ಕರಿ ಕೋಟಿನಿಂದ ನುಸಿಗುಳಿಗೆಯ ವಾಸನೆ ಬಂದರೆ, ಈಗಲೂ ನಾನು ಮಂಗಳೂರಿನ ಕೋರ್ಟಿನ ಬೆಂಚಿನ ಮೇಲೆ ಕೂತಂತಾಗುತ್ತದೆ.

ಆಗ ನನಗೆ ಒಂಬತ್ತು ವರ್ಷ, ತಮ್ಮನಿಗೆ ಐದು. ಅಪ್ಪ ನಮ್ಮನ್ನು ಬಿಟ್ಟು ಬೈಕಂಪಾಡಿಯಲ್ಲಿ ಅಜ್ಜಿಯ ಜೊತೆ ಇರತೊಡಗಿ ವರ್ಷವಾಗಿತ್ತು. ಅಂದು ಅಪ್ಪ ಅಮ್ಮನ ಕೇಸು. ಅಮ್ಮ ನಮ್ಮಿಬ್ಬರನ್ನು ಎರಡು ಬದಿಗೆ ಕೂರಿಸಿಕೊಂಡಿದ್ದಳು. ಅಪ್ಪ ಎದುರಿನ ಬೆಂಚಿನಲ್ಲಿದ್ದರು.

ನಮಗಿಂತ ಮೊದಲು ಕೋಳಿ ಕದ್ದವನ ಕೇಸು ಬಂತು.

"ಕದ್ದದ್ದಲ್ಲ ಸ್ವಾಮಿ, ಅದೇ ನಮ್ಮ ಅಡುಗೆಮನೆಗೆ ಬಂದದ್ದು," ಎಂದ ಅವನು.

"ಬಂದ ಮೇಲೆ ಎಂತ ಆಯ್ತು?" ಎಂದು ನ್ಯಾಯಾಧೀಶರು ಕೇಳಿದರು.

"ಮತ್ತೆ ಹೊರಗೆ ಹೋಗ್ಲಿಲ್ಲ ಸ್ವಾಮಿ."

ಇಡೀ ಕೋರ್ಟು ನಕ್ಕಿತು. ಅಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಅಪ್ಪ ನಗುತ್ತಲೇ, ಹಳೆಯ ಅಭ್ಯಾಸದಂತೆ, ಅಮ್ಮನ ಮುಖ ನೋಡಿದರು. ಇನ್ನು ನಾಲ್ವರೂ ಒಟ್ಟಿಗೆ ಮನೆಗೆ ಹೋಗುವುದೇ ಎಂದುಕೊಂಡೆ.

ಆಮೇಲೆ ನಮ್ಮನ್ನು ಕರೆದರು. ನಮ್ಮ ಕೇಸು ಕೋಳಿಯ ಕೇಸಿಗಿಂತ ಬೇಗ ಮುಗಿಯಿತು. ಹುಡುಗ ಅಪ್ಪನೊಂದಿಗೆ, ಹುಡುಗಿ ಅಮ್ಮನೊಂದಿಗೆ ಎಂದಾಯಿತು.

ಹೊರಗೆ ಅಮ್ಮ ತಮ್ಮನ ಅಂಗಿಯ ಗುಂಡಿ ಹಾಕುತ್ತಾ, ಅಪ್ಪನ ಕಡೆ ನೋಡದೆ ಹೇಳಿದಳು: "ರಾತ್ರಿ ಅವನಿಗೆ ಹೆದರಿಕೆ ಉಂಟು. ದೀಪ ಪೂರಾ ಆರಿಸ್ಬೇಡಿ."

"ಇಲ್ಲ, ಆರಿಸುದಿಲ್ಲ," ಎಂದರು ಅಪ್ಪ. ತಮ್ಮನ ಕೈ ಹಿಡಿದು ಬೈಕಂಪಾಡಿಯ ಬಸ್ಸು ಹತ್ತಿದರು.

ಬಸ್ಸು ಹೊರಟಾಗ ತಮ್ಮ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: "ಅಮ್ಮಾ, ಇದ್ರಲ್ಲಿ ಜಾಗ ಇಲ್ಲ. ನೀನು, ಅಕ್ಕ ಹಿಂದೆ ಬರುವ ಬಸ್ಸಲ್ಲಿ ಬನ್ನಿ, ಆಯ್ತಾ?"

"ಆಯ್ತು ಮಗಾ," ಎಂದಳು ಅಮ್ಮ.