ಅಮ್ಮ ಮಾತಾಡಿಟ್ಟ ಕ್ಯಾಸೆಟ್

ಕ್ಯಾಸೆಟ್ ತಿರುಗತೊಡಗಿತು. ಮೊದಲು ಬರೀ ಸರಸರ ಸದ್ದು, ಆಮೇಲೆ ಒಂದು ಕೆಮ್ಮು. ಮಗಳು ಮಂಚದ ತುದಿಗೆ ಸರಿದು ಟೇಪ್ ರೆಕಾರ್ಡರಿಗೆ ಕಿವಿ ಹಚ್ಚಿದಳು. ಸಾಯುವ ಒಂದು ವಾರ ಮುಂಚೆ ಅಮ್ಮ ಫೋನಿನಲ್ಲಿ, "ನಿನಗೆ ಹೇಳಬೇಕಾದ್ದನ್ನೆಲ್ಲ ಟೇಪಿನಲ್ಲಿ ಹೇಳಿಟ್ಟಿದ್ದೀನಿ ಕಣೇ. ನಾನು ಹೋದಮೇಲೆ ಕೇಳು" ಎಂದಿದ್ದಳು. ಒಡವೆ, ಸೀರೆ ಎಲ್ಲ ಬಿಟ್ಟು ಮಗಳು ಕೇಳಿದ್ದು ಇದೊಂದನ್ನೇ.

ಇನ್ನೊಂದು ಕೆಮ್ಮು. ಲೋಟ ನೆಲಕ್ಕೆ ಬಿದ್ದ ಸದ್ದು. ನಡುವೆ ಮಾತಿರಬೇಕಾದ ಕಡೆಯೆಲ್ಲ ಏನೂ ಇಲ್ಲ.

"ಸೌಂಡ್ ಪೂರ್ತಿ ಕೊಡಿ ಅಪ್ಪ."

"ಪೂರ್ತಿನೇ ಇದೆ ಕಣಮ್ಮ."

ಅಪ್ಪ ಟೇಪ್ ನಿಲ್ಲಿಸಿ ಹಿಂದಿನ ಮುಚ್ಚಳದ ತಿರುಪು ಬಿಚ್ಚಿದ. ರೇಡಿಯೊ, ಟೇಪ್ ರಿಪೇರಿಯಲ್ಲೇ ತಲೆ ನರೆಸಿಕೊಂಡವನು. ಒಳಗೆ ಕಣ್ಣು ಹಾಯಿಸಿದ್ದೇ ತಡ, ಕೈ ನಿಂತುಹೋಯಿತು. ತಂತಿ ಸುತ್ತಿದ ಒಂದು ಕಾಯಿಲ್ ಇರಬೇಕಾದ ಜಾಗದಲ್ಲಿ ಎರಡು ಬೋಳು ವೈರು. ಕಿತ್ತವನು ಅವನೇ. ಯಾರೋ ಗಿರಾಕಿ ಅವಸರ ಮಾಡಿದ್ದ, ಅಂಗಡಿಯಲ್ಲಿ ಆ ಸಾಮಾನು ಇರಲಿಲ್ಲ, ಮನೆಯ ಟೇಪಿನಿಂದ ಕಿತ್ತು ಆ ಗಿರಾಕಿಯ ಟೇಪಿಗೆ ಹಾಕಿದ್ದ. ಆಮೇಲೂ ಮನೆಯಲ್ಲಿ ಹಾಡು ಚೆನ್ನಾಗಿಯೇ ಕೇಳುತ್ತಿತ್ತು; ವಿಷಯ ಮರೆತೇಹೋಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ.

ತಪ್ಪು ಮಾಡಿ ಸಿಕ್ಕಿಬಿದ್ದ ಗಂಡಸರು ಕ್ಷಮೆ ಕೇಳುವ ಬದಲು ಪಾಠ ಹೇಳಲು ಕೂರುತ್ತಾರೆ. ಅವನೂ ಕೂತ.

"ಕ್ಯಾಸೆಟ್ಟಿನೊಳಗಿನ ಪಟ್ಟಿ ಮೇಲೆ ಕಬ್ಬಿಣದ ಅಂಶದ ಪುಡಿ ಬಳಿದಿರ್ತಾರೆ. ದನಿ ಬಂದಾಗ ಈ ಹೆಡ್ಡು ಅಯಸ್ಕಾಂತದ ಹಾಗೆ ಅದನ್ನ ಎಳೆಯುತ್ತೆ. ಜೋರು ದನಿಯಾದ್ರೆ ಜೋರಾಗಿ ಎಳೆಯುತ್ತೆ, ಪುಡಿಯಲ್ಲಿ ಆದ ಬದಲಾವಣೆ ಹಾಗೇ ನಿಂತುಬಿಡುತ್ತೆ. ಮೆಲ್ಲಗೆ ಮಾತಾಡಿದ್ರೆ ಒಂಚೂರು ಅಲುಗಿ, ಮತ್ತೆ ಮೊದಲಿನ ಹಾಗೇ ಆಗಿಬಿಡುತ್ತೆ. ಗುರುತೇ ಉಳಿಯಲ್ಲ."

"ಹಾಗಾದ್ರೆ ಮೆಲ್ಲಗೆ ಮಾತಾಡೋರ ದನಿ ಯಾರ ಟೇಪಲ್ಲೂ ಉಳಿಯಲ್ವಾ?"

"ಉಳಿಯುತ್ತೆ. ರೆಕಾರ್ಡ್ ಮಾಡೋವಾಗ ಮಾತ್ರ ಬೇಕಾಗೋ ಒಂದು ಕಾಯಿಲ್ ಇರುತ್ತೆ. ಅದು ನಮ್ಮ ಕಿವಿಗೆ ಕೇಳಿಸದ ಒಂದು ಝೇಂಕಾರ ಸೇರಿಸಿ ಮೆಲುದನಿಗೆ ಆಸರೆ ಕೊಡುತ್ತೆ."

"ಆ ಕಾಯಿಲ್ ಎಲ್ಲಿ?"

"ಅಂಗಡಿಗೆ ಬೇಕಾಗಿತ್ತು."

ಮಗಳು ಅವನ ಮುಖವನ್ನೇ ನೋಡಿದಳು. "ಅಮ್ಮ ನಿಮ್ಮನ್ನ ಒಂದು ಮಾತು ಕೇಳಲೇ ಇಲ್ವಾ?"

"ಕೇಳಿದ್ಲು. ರೀ, ಇದರಲ್ಲಿ ಮಾತಾಡಿದ್ರೆ ಉಳಿಯುತ್ತೇನ್ರೀ ಅಂತ. ಪೇಪರ್ ಓದ್ತಾ ಇದ್ದೆ. ಹ್ಞೂಂ ಅಂದೆ."

ಬೇರೆ ಮೆಷಿನ್‌ನಲ್ಲಿ ಹಾಕಿದರೆ ಬರಬಹುದೇ ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ, ಇದ್ದರೆ ತಾನೇ ಬರುವುದು. ಅಷ್ಟೊಂದು ಕೆಮ್ಮಿನ ನಡುವೆ ಕೂತು ಅಮ್ಮ ಏನೇನು ಹೇಳಿದ್ದಳೋ. ಆಸೆ ಬಿಡದೆ ತಾನೇ ಮತ್ತೆ ಗುಂಡಿ ಒತ್ತಿದಳು. ಕೆಮ್ಮು, ಸರಸರ, ಮತ್ತೆ ಕೆಮ್ಮು. ಆಮೇಲೆ ಇದ್ದಕ್ಕಿದ್ದಂತೆ ಸ್ಪೀಕರ್ ಅದುರುವ ಹಾಗೆ ಒಂದು ಗಂಡಸಿನ ದನಿ:

"ಒಬ್ಬಳೇ ಕೂತು ಅದೇನೇ ಗೊಣಗ್ತೀಯ? ಕೆಮ್ಮಿನ ಕಾಟ ಸಾಲದು ಅಂತ ಇದು ಬೇರೆ! ಬಾಯಿ ಮುಚ್ಕೊಂಡು ಬಿದ್ಕೋ!"

ಬಾಗಿಲು ದಢಾರನೆ ಬಡಿದ ಸದ್ದು. ಅಲ್ಲಿಂದ ಕೊನೆಯವರೆಗೂ ಕೆಮ್ಮು ಕೂಡ ಇರಲಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಟೇಪಿನಲ್ಲೂ ಅವನೊಬ್ಬನೇ ಬದುಕಿದ್ದ.

ತನ್ನದೇ ದನಿ ಕೇಳಿ ಅಪ್ಪ ಎದ್ದು ನಿಂತ. "ಕೊಡಿಲ್ಲಿ, ಅಳಿಸಿಬಿಡ್ತೀನಿ" ಎಂದು ಕೈ ಚಾಚಿದ.

ಮಗಳು ಕ್ಯಾಸೆಟ್ ತೆಗೆದು ಚೀಲಕ್ಕೆ ಹಾಕಿಕೊಂಡಳು.

"ಬೇಡ ಅಪ್ಪ. ಅಮ್ಮನ ದನಿ ಇದರಲ್ಲಿ ಇಲ್ಲ, ನಿಜ. ಆದ್ರೆ ಅವಳ ಸಂಸಾರ ಪೂರ್ತಿ ಇದೆ."